ಹೊಸ ಬ್ಯಾಟರಿ ಹಾಕಿದ ಮೇಲೆ ಕಾರಿಗೆ ಹೊಸ ಕಾಯಿಲೆಗಳು: ಇಸಿಯು ಬದಲಿಸುವ ಮುನ್ನ ಅಳೆದು ನೋಡಿ

ಪ್ರಶ್ನೆ: ನಮ್ಮದು ಏಳು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮದುವೆಗೆಂದು ಊರಿಗೆ ಹೋಗಿ ಬರುವಷ್ಟರಲ್ಲಿ ಮನೆ ಮುಂದೆ ನಿಂತಿದ್ದ ಕಾರಿನ ಬ್ಯಾಟರಿ ಪೂರ್ತಿ ಇಳಿದಿತ್ತು. ಪಕ್ಕದ ಮನೆಯವರ ಜೀಪಿನಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿ, ಪೇಟೆಗೆ ಒಯ್ದು ಹೊಸ ಬ್ಯಾಟರಿ ಹಾಕಿಸಿದೆ. ಅಂದಿನಿಂದ ಒಂದಲ್ಲ ಒಂದು ಕಾಟ. ನಿಂತಾಗ ಎಂಜಿನ್ ಏರಿಳಿಯುತ್ತದೆ. ಎಸಿ ಹಾಕಿದ್ದರೆ ಆಫ್ ಆಗಿಯೇ ಬಿಡುತ್ತದೆ. ಚಾಲಕನ ಬದಿಯ ಕಿಟಕಿ ಮೊದಲಿನಂತೆ ಒಂದೇ ಒತ್ತಿಗೆ ಮೇಲೇರುವುದಿಲ್ಲ. ಕಾರು ನಿಲ್ಲಿಸಲು ತಿರುಗಿಸುವಾಗ ಸ್ಟೀರಿಂಗ್ ದೀಪ ಹೊತ್ತಿಕೊಂಡು ಸ್ಟೀರಿಂಗ್ ಗಟ್ಟಿಯಾಗುತ್ತದೆ. ಒಮ್ಮೊಮ್ಮೆ ಬ್ರೇಕಿನ ಎಬಿಎಸ್ ದೀಪವೂ ಬರುತ್ತದೆ. ಗಡಿಯಾರ ಪದೇ ಪದೇ 12:00ಕ್ಕೆ ಹೋಗುತ್ತದೆ. ಎರಡು ಸಲ ಸೆಲ್ಫ್ ‘ಟಿಕ್ ಟಿಕ್’ ಎಂದು ನಿಂತಿತು. ಬಾನೆಟ್ ತೆರೆದು ಬ್ಯಾಟರಿ ವೈರು ಅಲುಗಾಡಿಸಿದ ಮೇಲೆ ಸ್ಟಾರ್ಟ್ ಆಯಿತು. ಬ್ಯಾಟರಿ ಅಂಗಡಿಯವರು ಮೀಟರ್‌ನಲ್ಲಿ 12.6 ತೋರಿಸಿ, ಬ್ಯಾಟರಿ ಚೆನ್ನಾಗಿದೆ ಎಂದರು. ಗ್ಯಾರೇಜಿನವರು, ಜೀಪಿನಿಂದ ಕರೆಂಟ್ ಕೊಟ್ಟಾಗ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸುಟ್ಟಿದೆ, ಬದಲಿಸಬೇಕು ಎನ್ನುತ್ತಿದ್ದಾರೆ. ಅವರು ಹೇಳಿದ ಮೊತ್ತ ಕೇಳಿ ನಿದ್ದೆ ಬರುತ್ತಿಲ್ಲ. ನಾನು ಮಾಡಿದ್ದು ತಪ್ಪೇ? ಇಸಿಯು ಬದಲಿಸಲೇಬೇಕೇ?
— ಓದುಗರು, ತಿಪಟೂರು

ಉತ್ತರ: ಇಸಿಯುಗೆ ಸದ್ಯಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ನೀವು ಬರೆದಿರುವ ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸುಟ್ಟ ಇಸಿಯುವಿನ ಚಿತ್ರ ಕಾಣುವುದಿಲ್ಲ. ಕಾಣುವುದು ಎರಡು ಬೇರೆ ಬೇರೆ ಸಂಗತಿಗಳು: ಒಂದು, ಕಾರು ಕಲಿತಿದ್ದ ಕೆಲವು ಅಳತೆಗಳನ್ನು ಮರೆತಿದೆ. ಇನ್ನೊಂದು, ಬ್ಯಾಟರಿಯ ಕಂಬಕ್ಕೂ (ಮೇಲೆ ಕಾಣುವ ಸೀಸದ ಟರ್ಮಿನಲ್) ಅದನ್ನು ಹಿಡಿಯುವ ಕ್ಲಾಂಪ್‌ಗೂ ನಡುವಿನ ಹಿಡಿತ ಸರಿಯಿಲ್ಲ. ಮೊದಲನೆಯದು ಕಾಯಿಲೆಯೇ ಅಲ್ಲ, ಬ್ಯಾಟರಿ ಬಿಚ್ಚಿದ ಯಾವ ಕಾರಿನಲ್ಲೂ ಆಗಬಹುದಾದದ್ದು. ಎರಡನೆಯದು ನಿಜವಾದ ದೋಷ. ಆದರೆ ಒಂದು 10 ಎಂಎಂ ಸ್ಪ್ಯಾನರ್, ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಅರ್ಧ ಗಂಟೆಯಲ್ಲಿ ಹೌದೋ ಅಲ್ಲವೋ ಎಂದು ತೀರ್ಮಾನವಾಗುವಂಥದ್ದು.

ಈ ಎರಡೂ ಒಟ್ಟಿಗೆ ಬಂದಾಗಲೇ ಗ್ಯಾರೇಜುಗಳಲ್ಲಿ ‘ಇಸಿಯು ಹೋಗಿದೆ’ ಎಂಬ ಮಾತು ಹುಟ್ಟುವುದು. ಎಂಜಿನ್, ಸ್ಟೀರಿಂಗ್, ಬ್ರೇಕ್, ಕಿಟಕಿ ಎಲ್ಲವೂ ಏಕಕಾಲಕ್ಕೆ ಕೆಟ್ಟಂತೆ ಕಾಣುತ್ತವೆ, ಎಲ್ಲಕ್ಕೂ ಮೂಲ ಕಂಪ್ಯೂಟರೇ ಇರಬೇಕು ಎಂದು ಅನ್ನಿಸುತ್ತದೆ. ಆದರೆ ಸ್ಟೀರಿಂಗ್‌ನ ಕಂಪ್ಯೂಟರ್ ಬೇರೆ, ಎಬಿಎಸ್‌ನದು ಬೇರೆ, ಎಂಜಿನ್‌ನದು ಬೇರೆ. ಮೂರೂ ಒಂದೇ ದಿನ ಸುಟ್ಟುಹೋಗುವುದು ತೀರಾ ಅಪರೂಪ. ಅವುಗಳಿಗೆಲ್ಲ ಸಮಾನವಾದದ್ದು ಬ್ಯಾಟರಿಯಿಂದ ಬರುವ ವಿದ್ಯುತ್ತು ಮತ್ತು ಅದು ಮರಳುವ ಅರ್ಥ್ ದಾರಿ. ಹಾಗಾಗಿ ಹುಡುಕಾಟವನ್ನು ಅಲ್ಲಿಂದಲೇ ಶುರು ಮಾಡಬೇಕು.

ಗಡಿಯಾರ ಹೇಳುವ ಸಾಕ್ಷಿ

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಗಡಿಯಾರ. ಬ್ಯಾಟರಿ ಬಿಚ್ಚಿದ ದಿನ ಗಡಿಯಾರ ಒಮ್ಮೆ 12:00ಕ್ಕೆ ಹೋಗುವುದು ಸಹಜ. ಸರಿಮಾಡಿದ ಮೇಲೂ ಮತ್ತೆ ಮತ್ತೆ ಹೋಗುತ್ತಿದೆ ಎಂದರೆ, ಬ್ಯಾಟರಿಯನ್ನು ಯಾರೂ ಬಿಚ್ಚದಿದ್ದರೂ ಕಾರಿಗೆ ಅದು ಬಿಚ್ಚಿದಂತೆಯೇ ಅನುಭವವಾಗುತ್ತಿದೆ ಎಂದರ್ಥ. ಸೆಲ್ಫ್ ಹೊಡೆಯುವ ಆ ಒಂದು ಕ್ಷಣದಲ್ಲಿ ವೋಲ್ಟೇಜ್ ಪಾತಾಳಕ್ಕಿಳಿದು, ಗಡಿಯಾರಕ್ಕೂ ಕಂಪ್ಯೂಟರ್‌ಗಳ ನೆನಪಿಗೂ ಆಧಾರವಾದ ವಿದ್ಯುತ್ತು ತಪ್ಪುತ್ತಿದೆ. ವೈರು ಅಲುಗಾಡಿಸಿದರೆ ಸ್ಟಾರ್ಟ್ ಆಗುತ್ತದೆ ಎಂಬ ನಿಮ್ಮ ಇನ್ನೊಂದು ಮಾತು ಇದಕ್ಕೆ ಪುಷ್ಟಿ ಕೊಡುತ್ತದೆ. ಸುಟ್ಟ ಇಸಿಯು ಬ್ಯಾಟರಿ ವೈರು ಅಲುಗಾಡಿಸಿದರೆ ಗುಣವಾಗುವುದಿಲ್ಲ.

ಹಾಗಾದರೆ ಅಂಗಡಿಯವರ ಮೀಟರ್ 12.6 ತೋರಿಸಿದ್ದು ಸುಳ್ಳೇ? ಅದು ಸುಳ್ಳಲ್ಲ, ಆದರೆ ಅವರು ಅಳೆದದ್ದು ಬೇರೆಯದನ್ನು. ಚೆನ್ನಾಗಿ ಚಾರ್ಜ್ ಆದ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ 12.6ರಿಂದ 12.8 ತೋರಿಸುತ್ತದೆ. 12.2ರ ಆಸುಪಾಸು ಬಂದರೆ ಅರ್ಧ ಖಾಲಿ. ಆದರೆ ಮೀಟರ್ ಬ್ಯಾಟರಿಯಿಂದ ಎಳೆದುಕೊಳ್ಳುವ ಕರೆಂಟ್ ಇಲ್ಲವೇ ಇಲ್ಲ ಎನ್ನುವಷ್ಟು. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಮೋಟಾರು ಎಂಜಿನ್ ತಿರುಗಿಸಲು 100ರಿಂದ 200 ಆಂಪಿಯರ್ ಎಳೆಯುತ್ತದೆ. ತೊಂದರೆ ಹೊರಬೀಳುವುದು ಆಗ ಮಾತ್ರ.

ಸ್ವಲ್ಪ ಲೆಕ್ಕ ಮಾಡೋಣ. ಸಡಿಲವಾದ ಅಥವಾ ಪುಡಿ ಹಿಡಿದ ಕ್ಲಾಂಪ್‌ನಲ್ಲಿ 0.02 ಓಮ್‌ನಷ್ಟು ಅಡ್ಡಿ ಇದೆ ಎಂದುಕೊಳ್ಳಿ. ಸಾಮಾನ್ಯ ಮೀಟರ್‌ನ ಓಮ್ ಅಳತೆಯಲ್ಲಿ ಇದು ಕಾಣುವುದೇ ಇಲ್ಲ. ಹೆಡ್‌ಲೈಟ್ ಹಾಕಿದಾಗ 10 ಆಂಪಿಯರ್ ಹರಿದರೆ ಆ ಜಾಗದಲ್ಲಿ ನಷ್ಟವಾಗುವುದು 0.2 ವೋಲ್ಟ್. ದೀಪ ಚೆನ್ನಾಗಿಯೇ ಉರಿಯುತ್ತದೆ. ಸೆಲ್ಫ್ ಹೊಡೆದಾಗ 150 ಆಂಪಿಯರ್ ಹರಿದರೆ ಅದೇ ಜಾಗದಲ್ಲಿ 3 ವೋಲ್ಟ್ ಕಳೆದುಹೋಗುತ್ತದೆ. ಅಷ್ಟು ಭಾರ ಬಿದ್ದಾಗ ಆರೋಗ್ಯವಂತ ಬ್ಯಾಟರಿಯೂ 10.5ರ ಸುತ್ತಮುತ್ತ ಇಳಿದಿರುತ್ತದೆ. ಅದರಲ್ಲಿ 3 ಹೋದರೆ ಕಾರಿಗೆ ಉಳಿಯುವುದು 7.5. ಕಾರಿನ ಬಹುತೇಕ ಕಂಪ್ಯೂಟರ್‌ಗಳು 9 ವೋಲ್ಟ್‌ಗಿಂತ ಕೆಳಗೆ ಸರಿಯಾಗಿ ಕೆಲಸ ಮಾಡುವ ಭರವಸೆ ಇಲ್ಲ. ಹೀಗಾಗಿಯೇ ‘ಲೈಟು, ಹಾರನ್ನು ಎಲ್ಲ ಸರಿ, ಕಾರು ಮಾತ್ರ ಎತ್ತುತ್ತಿಲ್ಲ’ ಎಂಬ ದೂರು.

ಸ್ಟೀರಿಂಗ್ ದೀಪದ ಕತೆಯೂ ಇದೇ. ವಿದ್ಯುತ್ ಸ್ಟೀರಿಂಗ್‌ನ ಮೋಟಾರು ಹೆದ್ದಾರಿಯಲ್ಲಿ ನೇರ ಹೋಗುವಾಗ ಹೆಚ್ಚೇನೂ ಕೇಳುವುದಿಲ್ಲ. ನಿಂತಲ್ಲೇ ಚಕ್ರ ತಿರುಗಿಸಿದಾಗ ಹತ್ತಾರು ಆಂಪಿಯರ್ ಒಮ್ಮೆಲೇ ಬೇಡುತ್ತದೆ. ಆ ಹೊತ್ತಿಗೆ ವೋಲ್ಟೇಜ್ ಕುಸಿದರೆ ಸ್ಟೀರಿಂಗ್‌ನ ಕಂಪ್ಯೂಟರ್ ತನ್ನ ಸುರಕ್ಷತೆಗಾಗಿ ನೆರವನ್ನು ನಿಲ್ಲಿಸಿ ದೀಪ ಹೊತ್ತಿಸುತ್ತದೆ. ನಿಮಗೆ ಪಾರ್ಕಿಂಗ್ ವೇಳೆಯಲ್ಲೇ ಹೀಗಾಗುತ್ತಿರುವುದಕ್ಕೆ ಕಾರಣ ಇದು. ಎಬಿಎಸ್ ಕಂಪ್ಯೂಟರ್‌ನದೂ ಇದೇ ಸ್ವಭಾವ.

ಕಂಬದ ದಪ್ಪ

ಕ್ಲಾಂಪ್ ಏಕೆ ಸಡಿಲವಾಯಿತು ಎಂಬುದಕ್ಕೆ ಬರುತ್ತೇನೆ. ನಮ್ಮಲ್ಲಿ ಮಾರಾಟವಾಗುವ ಕಾರು ಬ್ಯಾಟರಿಗಳಲ್ಲಿ ಎರಡು ಅಳತೆಯ ಕಂಬಗಳಿವೆ. ಜಪಾನಿ ಮಾದರಿಯ ಸಣ್ಣ ಬ್ಯಾಟರಿಗಳಲ್ಲಿ ಪಾಸಿಟಿವ್ ಕಂಬದ ಬುಡ 14.7 ಎಂಎಂ, ನೆಗೆಟಿವ್ 13 ಎಂಎಂ. ಡಿನ್ ಎಂದು ಕರೆಯುವ ಯುರೋಪಿನ ಮಾದರಿಯಲ್ಲಿ ಪಾಸಿಟಿವ್ 19.5, ನೆಗೆಟಿವ್ 17.9. ನಿಮ್ಮ ಕಾರಿನ ಕ್ಲಾಂಪ್ ದಪ್ಪ ಕಂಬಕ್ಕೆ ಮಾಡಿದ್ದು, ಅಂಗಡಿಯಲ್ಲಿ ಸಿಕ್ಕಿದ್ದು ಸಣ್ಣ ಕಂಬದ ಬ್ಯಾಟರಿ ಎಂದಾದರೆ, ಬೋಲ್ಟನ್ನು ಕೊನೆಯವರೆಗೂ ಬಿಗಿದರೂ ಕ್ಲಾಂಪ್‌ನ ಎರಡು ತುಟಿಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಕಂಬ ಮಾತ್ರ ಒಳಗೆ ಆಡುತ್ತಿರುತ್ತದೆ. ಆಗ ಕೆಲವರು ಮೊಳೆಯನ್ನೋ ತಗಡಿನ ಚೂರನ್ನೋ ಸಂದಿಗೆ ತುರುಕಿ ಬಡಿದುಬಿಡುತ್ತಾರೆ. ಮೊದಲ ದಿನ ಬಿಗಿಯಾಗಿಯೇ ಇರುತ್ತದೆ. ಸೀಸ ಮೆದು ಲೋಹ. ನಾಲ್ಕು ದಿನ ಗುಂಡಿಗಳಲ್ಲಿ ಕುಲುಕಿದ ಮೇಲೆ ಮೊಳೆ ಸೀಸವನ್ನು ಕೊರೆದು ತನಗೆ ಜಾಗ ಮಾಡಿಕೊಳ್ಳುತ್ತದೆ, ಹಿಡಿತ ಮತ್ತೆ ಸಡಿಲ. ಇದರ ಉಲ್ಟಾ ಕೂಡ ಆಗುತ್ತದೆ: ಸಣ್ಣ ಕ್ಲಾಂಪನ್ನು ದಪ್ಪ ಕಂಬಕ್ಕೆ ಸುತ್ತಿಗೆಯಿಂದ ಹೊಡೆದು ಕೂರಿಸುವುದು. ಅದು ಬುಡದವರೆಗೆ ಇಳಿಯದೆ ತುದಿಯಲ್ಲೇ ಕುಳಿತಿರುತ್ತದೆ, ಜೊತೆಗೆ ಬಡಿತಕ್ಕೆ ಬ್ಯಾಟರಿಯ ಒಳಗಿನ ಬೆಸುಗೆಯೂ ಬಿರುಕು ಬಿಡಬಹುದು.

ಬಾನೆಟ್ ತೆರೆದು ಮೊದಲು ಕೈಯಿಂದಲೇ ನೋಡಿ. ಎಂಜಿನ್ ಆಫ್, ಕೀಲಿ ಹೊರಗೆ. ಕೈಯ ಉಂಗುರ, ಬಳೆ, ಲೋಹದ ಗಡಿಯಾರ ತೆಗೆದಿಡಿ. ಒಂದೊಂದೇ ಕ್ಲಾಂಪನ್ನು ಹಿಡಿದು ತಿರುವಿ. ಬರಿಗೈಗೆ ಕೂದಲೆಳೆಯಷ್ಟು ತಿರುಗಿದರೂ ಅದು ಸಡಿಲವೇ. ಸಂದಿಯಲ್ಲಿ ಮೊಳೆ, ತಗಡು ಇದೆಯೇ, ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ, ಕಂಬದ ಮೇಲಿನ ಪ್ಲಾಸ್ಟಿಕ್ ಟೋಪಿಯನ್ನು ತೆಗೆಯದೆ ಅದರ ಮೇಲೆಯೇ ಕ್ಲಾಂಪ್ ಕೂರಿಸಿದ್ದಾರೆಯೇ ನೋಡಿ. ಬ್ಯಾಟರಿಯನ್ನು ತಟ್ಟೆಗೆ ಹಿಡಿದಿಡುವ ಪಟ್ಟಿಯನ್ನು ಹಾಕಿದ್ದಾರೆಯೇ ಎಂಬುದನ್ನೂ ಗಮನಿಸಿ. ಹಲವೆಡೆ ಅದು ಅಂಗಡಿಯಲ್ಲೇ ಉಳಿದುಬಿಡುತ್ತದೆ. ನೆಗೆಟಿವ್ ಕೇಬಲ್ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಿನಲ್ಲೇ ಹಿಂಬಾಲಿಸಿ. ಒಂದು ಕವಲು ಬಾಡಿಗೆ, ಇನ್ನೊಂದು ಎಂಜಿನ್ ಅಥವಾ ಗೇರ್‌ಬಾಕ್ಸಿಗೆ ಹೋಗಿರುತ್ತದೆ. ಬ್ಯಾಟರಿ ತಟ್ಟೆ ಬಿಚ್ಚುವಾಗ ಬಾಡಿಯ ಅರ್ಥ್ ಬೋಲ್ಟ್ ತೆಗೆದು ಮತ್ತೆ ಹಾಕದೆ ಬಿಡುವುದೂ ಉಂಟು.

ಇನ್ನು ಮೀಟರ್‌ನ ಪರೀಕ್ಷೆ. ಇದಕ್ಕೆ ಇನ್ನೊಬ್ಬರ ನೆರವು ಬೇಕು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ; ನಿಮ್ಮ ತೋಳು, ಶಾಲು, ಮೀಟರಿನ ವೈರು ಬೆಲ್ಟ್‌ಗೂ ಫ್ಯಾನಿಗೂ ದೂರವಿರಲಿ. ಮೀಟರನ್ನು 20 ವೋಲ್ಟ್ ಡಿಸಿ ಅಳತೆಗಿಡಿ. ಒಂದು ಕಡ್ಡಿಯನ್ನು ಪಾಸಿಟಿವ್ ಕಂಬದ ನೆತ್ತಿಯ ಸೀಸಕ್ಕೆ ಒತ್ತಿ, ಇನ್ನೊಂದನ್ನು ಅದೇ ಕಂಬವನ್ನು ಹಿಡಿದಿರುವ ಕ್ಲಾಂಪ್‌ನ ಲೋಹಕ್ಕೆ. ಸುಮ್ಮನಿದ್ದಾಗ ಸೊನ್ನೆ ತೋರಿಸುತ್ತದೆ. ಈಗ ಸೆಲ್ಫ್ ಹೊಡೆಯಲು ಹೇಳಿ. ಆಗಲೂ ಸೊನ್ನೆಯ ಹತ್ತಿರವೇ ಇರಬೇಕು. 0.1 ದಾಟಿದರೆ ಅನುಮಾನ, 0.5, 1, 2 ಎಂದು ಜಿಗಿದರೆ ಕಳ್ಳ ಸಿಕ್ಕಿಬಿದ್ದಂತೆಯೇ. ಇದನ್ನೇ ನೆಗೆಟಿವ್ ಬದಿಯಲ್ಲಿ ಮಾಡಿ. ಆಮೇಲೆ ಒಂದು ಕಡ್ಡಿ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್‌ನ ಬಣ್ಣವಿಲ್ಲದ ಲೋಹದ ಮೇಲೆ ಇಟ್ಟು ಮತ್ತೊಮ್ಮೆ ಸೆಲ್ಫ್ ಹೊಡೆಸಿ. ಇಲ್ಲಿ ಅರ್ಧ ವೋಲ್ಟ್ ಮೀರಿದರೆ ಎಂಜಿನ್ನಿಗೆ ಹೋಗುವ ಅರ್ಥ್ ಕೇಬಲ್ಲಿನಲ್ಲಿ ದೋಷವಿದೆ.

ಈ ಪರೀಕ್ಷೆಯನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಇಟ್ಟುಕೊಂಡವರು ಹೆಚ್ಚಾಗಿದ್ದಾರೆ, ಈ ಎರಡು ಕಡ್ಡಿ ಇಟ್ಟು ನೋಡುವವರು ಕಡಿಮೆಯಾಗಿದ್ದಾರೆ. ಸ್ಕ್ಯಾನರ್ ‘ವೋಲ್ಟೇಜ್ ಕಡಿಮೆ’ ಎಂದೋ ‘ಕಂಪ್ಯೂಟರ್ ಜೊತೆ ಸಂಪರ್ಕ ತಪ್ಪಿದೆ’ ಎಂದೋ ಕೋಡ್ ತೋರಿಸುತ್ತದೆ. ಏಕೆ ಎಂದು ಅದಕ್ಕೆ ಗೊತ್ತಿಲ್ಲ. ಸಂಪರ್ಕ ತಪ್ಪಿದ ಕೋಡ್ ಕಂಡ ಕೂಡಲೇ ಇಸಿಯು ಸತ್ತಿದೆ ಎಂದು ತೀರ್ಮಾನಿಸಿದರೆ ಗ್ರಾಹಕನ ಜೇಬಿಗೆ ಅನ್ಯಾಯವಾಗುತ್ತದೆ.

ಸಡಿಲ ಎಂದು ಖಾತ್ರಿಯಾದರೆ ನಿಮ್ಮ ಮುಂದೆ ಮೂರು ದಾರಿಗಳಿವೆ. ನನ್ನ ಒಲವು ಮೊದಲನೆಯದಕ್ಕೆ: ಬ್ಯಾಟರಿ ತಂದ ಅಂಗಡಿಗೆ ಹೋಗಿ, ಹಳೆಯ ಬ್ಯಾಟರಿಯ ಮೇಲಿದ್ದ ಅಥವಾ ಕಾರಿನ ಕೈಪಿಡಿಯಲ್ಲಿರುವ ಕೋಡ್‌ಗೆ ಸರಿಹೊಂದುವ ಬ್ಯಾಟರಿಯನ್ನೇ ಬದಲಿಗೆ ಕೇಳಿ. 38ಬಿ20ಎಲ್ ಎಂಬಂಥ ಕೋಡ್‌ನ ಕೊನೆಯ ಎಲ್ ಅಥವಾ ಆರ್ ಪಾಸಿಟಿವ್ ಕಂಬ ಯಾವ ಬದಿಗಿದೆ ಎಂದು ಹೇಳುತ್ತದೆ. ಅದು ಅದಲುಬದಲಾದರೆ ಕೇಬಲ್ ಎಳೆದು ಸಿಕ್ಕಿಸಬೇಕಾಗುತ್ತದೆ, ಅವಸರದಲ್ಲಿ ತಿರುವುಮುರುವಾಗಿ ಜೋಡಿಸುವ ಅಪಾಯವೂ ಇರುತ್ತದೆ. ಎರಡನೆಯ ದಾರಿ, ಸಣ್ಣ ಕಂಬಕ್ಕೆ ಹಾಕುವ ಸೀಸದ ತೋಳು (ಸ್ಲೀವ್). ಬಿಡಿಭಾಗದ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ, ಸರಿಯಾಗಿ ಕೂತರೆ ಕೆಲಸವೂ ಆಗುತ್ತದೆ. ಆದರೆ ಒಂದರ ಬದಲು ಎರಡು ಜೋಡಣೆಗಳಾಗುವುದರಿಂದ ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಒರೆಸಬೇಕು. ಮೂರನೆಯದು ಕ್ಲಾಂಪನ್ನೇ ಕತ್ತರಿಸಿ ಬೇರೆ ಹಾಕುವುದು. ಹಳೆಯದು ಸೀಳಿಹೋಗಿದ್ದರೆ ಬೇರೆ ದಾರಿ ಇಲ್ಲ. ಆದರೆ ನೆಗೆಟಿವ್ ಕ್ಲಾಂಪ್‌ಗೆ ಸಣ್ಣ ಪೆಟ್ಟಿಗೆಯಂಥ ಸಂವೇದಕ ಅಂಟಿಕೊಂಡಿದ್ದರೆ ಅದನ್ನು ಯಾರಿಗೂ ಕತ್ತರಿಸಲು ಬಿಡಬೇಡಿ. ಅದು ಬ್ಯಾಟರಿಯ ಒಳಹರಿವು, ಹೊರಹರಿವು ಲೆಕ್ಕ ಹಾಕುವ ಭಾಗ.

ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒರೆಸಿ, ಒಣಗಿಸಿ, ಬಿಗಿದು, ಮೇಲೆ ತೆಳುವಾಗಿ ವ್ಯಾಸಲೀನ್ ಹಚ್ಚಿ. ಸೋಡಾ ನೀರು ಬ್ಯಾಟರಿಯ ಮುಚ್ಚಳದೊಳಕ್ಕೆ ಹೋಗಬಾರದು. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಪಾಸಿಟಿವ್ ಬಿಗಿಯುತ್ತಿರುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರದಿರಲಿ ಎಂಬುದೇ ಈ ಕ್ರಮದ ಉದ್ದೇಶ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹತ್ತಿರದಲ್ಲಿ ಬೀಡಿ ಸಿಗರೇಟು ಬೇಡ.

ಜೀಪಿನಿಂದ ಕರೆಂಟ್ ಕೊಟ್ಟದ್ದು

ಇದರ ಬಗ್ಗೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಜೀಪಿನದೂ 12 ವೋಲ್ಟ್ ವ್ಯವಸ್ಥೆ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೊಟ್ಟಿದ್ದರೆ ಇಸಿಯು ಸುಡಲು ಕಾರಣವಿಲ್ಲ. ದೊಡ್ಡ ಗಾಡಿಯಿಂದ ಕೊಟ್ಟರೆ ಹೆಚ್ಚು ಕರೆಂಟ್ ನುಗ್ಗಿ ಸುಡುತ್ತದೆ ಎಂಬ ನಂಬಿಕೆ ತಪ್ಪು. ವೋಲ್ಟೇಜ್ ಒಂದೇ ಇದ್ದಾಗ ಕಾರು ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಲಾರಿ, ಬಸ್ಸಿನ 24 ವೋಲ್ಟ್‌ನಿಂದ ಕೊಟ್ಟಿದ್ದರೆ ಮಾತು ಬೇರೆ. ತಿರುವುಮುರುವಾಗಿ ಕೊಟ್ಟಿದ್ದರೂ ಬೇರೆ. ಆದರೆ ಆಗ ಮೊದಲು ಬಲಿಯಾಗುವುದು ಸಾಮಾನ್ಯವಾಗಿ ಮುಖ್ಯ ಫ್ಯೂಸ್ ಮತ್ತು ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಡಯೋಡ್‌ಗಳು. ಅದನ್ನು ತಿಳಿಯುವುದು ಸುಲಭ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಎರಡು ಕಂಬಗಳ ನಡುವೆ ಅಳೆಯಿರಿ. ಬಹುತೇಕ ಕಾರುಗಳಲ್ಲಿ 13.8ರಿಂದ 14.5ರೊಳಗೆ ಬರಬೇಕು. ಹೆಡ್‌ಲೈಟ್, ಎಸಿ ಹಾಕಿ ಮತ್ತೆ ನೋಡಿ, 13.5ಕ್ಕಿಂತ ಕೆಳಗೆ ಹೋಗಬಾರದು. ನಂತರ ಮೀಟರನ್ನು ಎಸಿ (ಪರ್ಯಾಯ ವಿದ್ಯುತ್) ವೋಲ್ಟ್ ಅಳತೆಗೆ ತಿರುಗಿಸಿ ಅಲ್ಲಿಯೇ ಹಿಡಿಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಡಯೋಡ್ ಕೆಟ್ಟಿರುವ ಸಾಧ್ಯತೆ ಇದೆ. ಅಂಥ ಆಲ್ಟರ್ನೇಟರ್ ಕಂಪ್ಯೂಟರ್‌ಗಳಿಗೆ ಕಿರಿಕಿರಿ ಕೊಡುವುದಲ್ಲದೆ ರಾತ್ರಿ ಬ್ಯಾಟರಿಯನ್ನೂ ಇಳಿಸುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ‘ಡೈನಮೋ ಸರಿಯಿದೆಯೇ ನೋಡೋಣ’ ಎಂದು ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರು ಕಿತ್ತು ನೋಡುವ ಹಳೆಯ ಅಭ್ಯಾಸ ಇಂದಿಗೂ ಹಲವು ಗ್ಯಾರೇಜುಗಳಲ್ಲಿದೆ. ಕಾರ್ಬ್ಯುರೇಟರ್ ಕಾಲದ ಗಾಡಿಗೆ ಅದು ನಡೆಯುತ್ತಿತ್ತು. ಇಂದಿನ ಕಾರಿನಲ್ಲಿ ಹಾಗೆ ಕಿತ್ತ ಕ್ಷಣ ಆಲ್ಟರ್ನೇಟರ್‌ನ ವೋಲ್ಟೇಜ್ ಹತ್ತಾರು ವೋಲ್ಟ್ ಮೇಲೆ ಚಿಮ್ಮುತ್ತದೆ. ಇಸಿಯು ನಿಜವಾಗಿ ಸುಡುವುದು ಹೀಗೆ. ಯಾರಾದರೂ ಹಾಗೆ ಮಾಡಲು ಮುಂದಾದರೆ ಕೈ ಹಿಡಿದು ತಡೆಯಿರಿ.

ಕಾರು ಮತ್ತೆ ಕಲಿಯಬೇಕಾದದ್ದು

ಹಿಡಿತ ಸರಿಯಾದ ಮೇಲೆಯೇ ಈ ಭಾಗಕ್ಕೆ ಬನ್ನಿ. ಮೊದಲೇ ಮಾಡಿದರೆ ಮುಂದಿನ ಸಲ ಸೆಲ್ಫ್ ಹೊಡೆದಾಗ ಎಲ್ಲವೂ ಅಳಿಸಿಹೋಗಿ ಶ್ರಮ ವ್ಯರ್ಥವಾಗುತ್ತದೆ.

ಎಂಜಿನ್ ಏರಿಳಿಯುವುದು, ಎಸಿ ಹಾಕಿದರೆ ಆಫ್ ಆಗುವುದು ಏಕೆಂದರೆ, ಏಳು ವರ್ಷಗಳಲ್ಲಿ ನಿಮ್ಮ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್‌ನ ಬಾಯಿಯಲ್ಲಿ ಮಸಿ ಕಟ್ಟಿದೆ. ಗಾಳಿಯ ದಾರಿ ಕಿರಿದಾದಂತೆಲ್ಲ ಇಸಿಯು ಥ್ರಾಟಲ್ ತಟ್ಟೆಯನ್ನು ಕೂದಲೆಳೆಯಷ್ಟು ಹೆಚ್ಚು ತೆರೆದು ಹೊಂದಿಸಿಕೊಳ್ಳುತ್ತ ಬಂದಿತ್ತು. ಆ ಅಳತೆ ನೆನಪಿನಿಂದ ಹೋದ ಮೇಲೆ ಅದು ಹೊಸ ಕಾರಿಗೆ ಬರೆದ ಅಳತೆಯಂತೆ ತೆರೆಯುತ್ತದೆ. ಮಸಿ ಮಾತ್ರ ಹಳೆಯದೇ ಇದೆ, ಗಾಳಿ ಸಾಲುವುದಿಲ್ಲ. ಎಸಿಯ ಕಂಪ್ರೆಸರ್ ಭಾರ ಬಿದ್ದ ಕೂಡಲೇ ಎಂಜಿನ್ ಸೋಲುತ್ತದೆ.

ಎಸಿ, ದೀಪ, ಸಂಗೀತ ಎಲ್ಲ ಆರಿಸಿ ಎಂಜಿನ್ ಚಾಲೂ ಮಾಡಿ. ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೂ ಬಿಸಿಯಾಗಲಿ. ಆಕ್ಸಿಲರೇಟರ್ ಮುಟ್ಟದೆ ಇನ್ನೂ ಹತ್ತು ನಿಮಿಷ ಹಾಗೆಯೇ ಬಿಡಿ. ಬಳಿಕ ಎಸಿ ಹಾಕಿ ಐದು ನಿಮಿಷ. ಆಮೇಲೆ ವಾಹನ ದಟ್ಟಣೆ ಕಡಿಮೆ ಇರುವ ಹೊತ್ತಿನಲ್ಲಿ, ತುಸು ಪೇಟೆ ತುಸು ಹೆದ್ದಾರಿ ಎಂದು ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ. ಹೆಚ್ಚಿನ ಕಾರುಗಳು ಇಷ್ಟರಲ್ಲಿ ಹೊಂದಿಕೊಳ್ಳುತ್ತವೆ. ಮುಚ್ಚಿದ ಶೆಡ್‌ನೊಳಗೆ ಈ ಕೆಲಸ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಅಪಾಯ.

ಹೊಂದಿಕೊಳ್ಳದಿದ್ದರೆ ಥ್ರಾಟಲ್ ಬಾಡಿಯನ್ನು ಸ್ವಚ್ಛಗೊಳಿಸಿ ಮತ್ತೆ ಇದನ್ನೇ ಮಾಡಬೇಕು. ಕೀಲಿ ಆನ್ ಇರುವಾಗ ತಟ್ಟೆಯನ್ನು ಬೆರಳಿನಿಂದಲೋ ಸ್ಕ್ರೂಡ್ರೈವರ್‌ನಿಂದಲೋ ದೂಡಬಾರದು, ಒಳಗಿನ ಸಣ್ಣ ಹಲ್ಲುಚಕ್ರಗಳು ಮುರಿಯುತ್ತವೆ. ಕೆಲವು ಕಾರುಗಳಲ್ಲಿ ಸ್ವಚ್ಛ ಮಾಡಿದ ಮೇಲೆ ಸ್ಕ್ಯಾನರ್ ಮೂಲಕವೇ ಥ್ರಾಟಲ್‌ನ ಹೊಸ ಅಳತೆ ಕೊಡಬೇಕಾಗುತ್ತದೆ. ಈ ಕೆಲಸವನ್ನು ಅನುಭವಿಗಳಿಗೆ ಬಿಡುವುದು ಒಳ್ಳೆಯದು.

ಕಿಟಕಿಯದು ಸುಲಭ. ಕೀಲಿ ಆನ್ ಮಾಡಿ, ಗಾಜನ್ನು ಪೂರ್ತಿ ಕೆಳಗಿಳಿಸಿ. ಗುಂಡಿಯನ್ನು ಮೇಲಕ್ಕೆತ್ತಿ ಹಿಡಿದು, ಗಾಜು ಮುಚ್ಚಿದ ಮೇಲೂ ಎರಡು ಮೂರು ಸೆಕೆಂಡ್ ಬಿಡಬೇಡಿ. ಕಂಪನಿಯಿಂದ ಕಂಪನಿಗೆ ಕ್ರಮದಲ್ಲಿ ಚೂರು ವ್ಯತ್ಯಾಸವಿದೆ, ಕೈಪಿಡಿಯಲ್ಲಿ ಇರುತ್ತದೆ. ಇದನ್ನು ಮಾಡುವವರೆಗೆ ಕೈ ಸಿಕ್ಕಿದಾಗ ಗಾಜು ತಾನೇ ಹಿಂದೆ ಸರಿಯುವ ವ್ಯವಸ್ಥೆಯೂ ಕೆಲಸ ಮಾಡದಿರಬಹುದು. ಮನೆಯಲ್ಲಿ ಮಕ್ಕಳಿದ್ದರೆ ದಯವಿಟ್ಟು ಇದನ್ನು ಇಂದೇ ಮುಗಿಸಿ.

ಸ್ಟೀರಿಂಗ್‌ಗೆ: ಎಂಜಿನ್ ಓಡುತ್ತಿರುವಾಗ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ತಿರುಗಿಸಿ, ನೇರ ಮಾಡಿ, ಕೆಲವು ನಿಮಿಷ ನೇರ ರಸ್ತೆಯಲ್ಲಿ ಓಡಿಸಿ. ದೀಪ ಆರದೆ ಉಳಿದರೆ, ಅಥವಾ ಎಬಿಎಸ್ ದೀಪ ಉಳಿದರೆ, ಸ್ಕ್ಯಾನರ್ ಹಾಕಿಸಿ. ಎಬಿಎಸ್ ದೀಪ ಉರಿಯುತ್ತಿದ್ದರೂ ಸಾಮಾನ್ಯ ಬ್ರೇಕ್ ಇರುತ್ತದೆ, ಜಾರುವ ರಸ್ತೆಯಲ್ಲಿ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ನೆರವು ಮಾತ್ರ ಇರುವುದಿಲ್ಲ. ಮಳೆಗಾಲದಲ್ಲಿ ಅದನ್ನು ಮುಂದೂಡಬೇಡಿ. ಏರ್‌ಬ್ಯಾಗ್ ದೀಪ ಬಂದರೆ ಮನೆಯಲ್ಲಿ ಯಾವ ವೈರನ್ನೂ ಮುಟ್ಟಬೇಡಿ, ನೇರ ಕಾರ್ಯಾಗಾರಕ್ಕೆ ಹೋಗಿ.

‘ಬ್ಯಾಟರಿ ಬಿಚ್ಚಿದರೆ ಕೀಲಿಯ ಕೋಡ್ ಅಳಿಸಿಹೋಗುತ್ತದೆ’ ಎಂದು ಹಲವರು ಹೆದರುತ್ತಾರೆ. ಕೀಲಿಯ ಗುರುತು ವಿದ್ಯುತ್ ಇಲ್ಲದಿದ್ದರೂ ಉಳಿಯುವ ನೆನಪಿನಲ್ಲಿರುತ್ತದೆ, ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ಹಳೆಯ ಕೆಲವು ಕಾರುಗಳ ಸ್ಟೀರಿಯೊ ಕೋಡ್ ಕೇಳುವುದು ನಿಜ. ಅದು ಕಾರಿನ ದಾಖಲೆಗಳ ಜೊತೆಗೆ ಬಂದ ಸಣ್ಣ ಕಾರ್ಡಿನಲ್ಲಿರುತ್ತದೆ. ಊಹಿಸಿ ಒತ್ತುತ್ತಾ ಹೋದರೆ ಬೀಗ ಬೀಳುತ್ತದೆ. ನೆನಪು ಅಳಿಯದಿರಲೆಂದು ಇನ್ನೊಂದು ಬ್ಯಾಟರಿಯನ್ನು ಜೋಡಿಸಿಟ್ಟುಕೊಂಡೇ ಬದಲಿಸುವವರಿದ್ದಾರೆ. ನಿಮ್ಮಂಥ ಕಾರಿಗೆ ಅದರ ಅಗತ್ಯವಿಲ್ಲ. ಬಿಚ್ಚಿದ ಪಾಸಿಟಿವ್ ಕ್ಲಾಂಪ್‌ನಲ್ಲೂ ವಿದ್ಯುತ್ತು ಇರುವುದರಿಂದ, ಅದು ಬಾಡಿಗೆ ತಾಗಿದರೆ ಉಳಿಸಿದ್ದಕ್ಕಿಂತ ಹೆಚ್ಚು ಹಾಳಾಗುತ್ತದೆ.

ಮೊದಲ ಬ್ಯಾಟರಿ ಏಕೆ ಇಳಿಯಿತು?

ಮೊದಲ ಬ್ಯಾಟರಿ ಇಳಿದದ್ದೇಕೆ ಎಂದು ಯಾರೂ ನಿಮ್ಮನ್ನು ಕೇಳಿದಂತಿಲ್ಲ. ಅದಕ್ಕೆ ವಯಸ್ಸಾಗಿದ್ದರೆ ಕೆಲವೇ ದಿನ ನಿಂತಾಗ ಇಳಿಯುವುದು ಸಹಜ. ನಮ್ಮ ಬಿಸಿಲಿನಲ್ಲಿ, ಅದರಲ್ಲೂ ಕಲಬುರಗಿ, ರಾಯಚೂರಿನ ಕಡೆ, ಬ್ಯಾಟರಿಯ ಆಯುಷ್ಯ ಬೇಗ ತೀರುತ್ತದೆ. ಆದರೆ ಕಾರು ನಿಂತಿರುವಾಗ ಏನೋ ಗುಟ್ಟಾಗಿ ಕರೆಂಟ್ ಹೀರುತ್ತಿದ್ದರೆ ಹೊಸ ಬ್ಯಾಟರಿಗೂ ಅದೇ ಗತಿ. ಬೀಗ ಹಾಕಿ ಅರ್ಧ ಗಂಟೆ ಕಳೆದು ಕಂಪ್ಯೂಟರ್‌ಗಳೆಲ್ಲ ಮಲಗಿದ ಮೇಲೆ ಕಾರು ಎಳೆಯುವುದು 50 ಮಿಲಿಆಂಪಿಯರ್ ಒಳಗಿರಬೇಕು. 400 ಎಳೆಯುತ್ತಿದ್ದರೆ ದಿನಕ್ಕೆ ಸುಮಾರು 9.6 ಆಂಪಿಯರ್-ಅವರ್, 35ರ ಬ್ಯಾಟರಿ ಎರಡೇ ದಿನದಲ್ಲಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಸದಾ ಆನ್ ಇರುವ ಡ್ಯಾಶ್‌ಕ್ಯಾಮ್, ಜಿಪಿಎಸ್ ಪೆಟ್ಟಿಗೆ, ಹೊರಗಿನಿಂದ ಹಾಕಿಸಿದ ಆಂಪ್ಲಿಫೈಯರ್, ಸೆಂಟ್ರಲ್ ಲಾಕ್ ಇವೇ ಸಾಮಾನ್ಯ ಆರೋಪಿಗಳು. ಈ ಅಳತೆಗೆ ಮೀಟರನ್ನು ನೆಗೆಟಿವ್ ದಾರಿಯ ನಡುವೆ ಸೇರಿಸಬೇಕಾಗುತ್ತದೆ. ಆಗ ಮರೆತು ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಅಭ್ಯಾಸವಿಲ್ಲದಿದ್ದರೆ ಆಟೊ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಕಾರು ತೋಟದ ಮನೆಯಲ್ಲಿ ನಿಲ್ಲುವುದಾದರೆ ಇಲಿ ಕಡಿದ ವೈರುಗಳನ್ನೂ ಹುಡುಕಿ. ಬೆಚ್ಚಗಿನ ಎಂಜಿನ್ ಕೋಣೆ ಅವುಗಳಿಗೆ ಬಲು ಇಷ್ಟ.

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಕಾರು ನಿಮ್ಮದಾದರೆ ಅದಕ್ಕೆ ಪದೇ ಪದೇ ಸ್ಟಾರ್ಟ್ ಆಗುವುದನ್ನು ತಾಳಿಕೊಳ್ಳುವ ಇಎಫ್‌ಬಿ ಅಥವಾ ಎಜಿಎಂ ಮಾದರಿಯ ಬ್ಯಾಟರಿಯೇ ಬೇಕು, ಸಾಮಾನ್ಯದ್ದು ಬೇಗ ಸಾಯುತ್ತದೆ. ಬದಲಿಸಿದ ಮೇಲೆ ಆ ಸೌಲಭ್ಯ ಸ್ವಲ್ಪ ಕಾಲ ಕೆಲಸ ಮಾಡದಿದ್ದರೆ ಗಾಬರಿ ಬೇಡ, ಸಂವೇದಕ ಹೊಸ ಬ್ಯಾಟರಿಯನ್ನು ಅರಿಯಲು ಸಮಯ ತೆಗೆದುಕೊಳ್ಳುತ್ತದೆ. ಬಿಎಂಡಬ್ಲ್ಯು, ಆಡಿಯಂಥ ಕಾರುಗಳಲ್ಲಿ ಹೊಸ ಬ್ಯಾಟರಿಯನ್ನು ಸ್ಕ್ಯಾನರ್ ಮೂಲಕ ದಾಖಲಿಸಬೇಕಾಗುತ್ತದೆ. ಇಲ್ಲದಿದ್ದರೆ ಹಳೆಯದಕ್ಕೆ ಮಾಡುತ್ತಿದ್ದಂತೆಯೇ ಚಾರ್ಜ್ ಮಾಡುತ್ತದೆ.

ಈಗ ನಿಮ್ಮ ಗ್ಯಾರೇಜಿನ ವಿಷಯ. ಮೇಲಿನದೆಲ್ಲ ಮಾಡಿ, ಕ್ಲಾಂಪ್‌ಗಳ ನಷ್ಟ 0.1ರೊಳಗೆ ಬಂದು, ಚಾರ್ಜಿಂಗ್ ಸರಿಯಿದ್ದು, ಗಡಿಯಾರ ಮತ್ತೆ 12:00ಕ್ಕೆ ಹೋಗದೆ, ಆಗಲೂ ಎಂಜಿನ್ ಕಾಟ ಕೊಟ್ಟರೆ ಇಸಿಯು ಮೇಲೆ ಅನುಮಾನ ಪಡಲು ಅವಕಾಶವಿದೆ. ಆಗಲೂ ಬದಲಿಸುವ ಮುನ್ನ ಅವರನ್ನು ಕೇಳಿ: ಸ್ಕ್ಯಾನರ್‌ಗೆ ಎಂಜಿನ್ ಇಸಿಯು ಉತ್ತರಿಸುತ್ತಿದೆಯೇ, ಎಂಜಿನ್‌ನ ತಾಪ, ವೇಗ ಎಲ್ಲ ಪರದೆಯಲ್ಲಿ ಸರಿಯಾಗಿ ಬರುತ್ತಿದೆಯೇ? ಬರುತ್ತಿದ್ದರೆ ಅದು ಸತ್ತಿಲ್ಲ. ಇಸಿಯು ಸಾಕೆಟ್‌ನಲ್ಲಿ ವಿದ್ಯುತ್ತು ಬರುವ ಪಿನ್ನುಗಳನ್ನೂ ಅರ್ಥ್ ಪಿನ್ನುಗಳನ್ನೂ ಕರೆಂಟ್ ಹರಿಸಿ ಅಳೆದಿದ್ದಾರೆಯೇ, ಇಸಿಯುಗೆ ವಿದ್ಯುತ್ತು ಬಿಡುವ ಮುಖ್ಯ ರಿಲೇ ನೋಡಿದ್ದಾರೆಯೇ? ಬೆಂಗಳೂರಿನಲ್ಲಿ ಹಳೆಯ ಇಸಿಯು ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ, ಅದನ್ನು ನಿಮ್ಮ ಕೀಲಿಗೆ ಹೊಂದಿಸದೆ ಕಾರು ಸ್ಟಾರ್ಟ್ ಆಗದಿರಬಹುದು ಎಂಬುದು ಗೊತ್ತಿರಲಿ. ಹೊಂದಿಸಿಕೊಡುವವರು ಯಾರು, ಆಗದಿದ್ದರೆ ಹಣ ಮರಳುತ್ತದೆಯೇ ಎಂದು ಬರೆಸಿಕೊಳ್ಳಿ. ಪಿನ್ನುಗಳನ್ನು ಅಳೆಯುವುದು ಒಂದೆರಡು ಗಂಟೆಯ ಕೆಲಸ. ಅದಕ್ಕೆ ಅವರು ಪ್ರತ್ಯೇಕ ಕೂಲಿ ಕೇಳಿದರೆ ಸಂತೋಷದಿಂದ ಕೊಡಿ, ಅಳೆದ ಅಂಕಿಗಳನ್ನು ಬಿಲ್ಲಿನಲ್ಲಿ ಬರೆದುಕೊಡಲು ಹೇಳಿ.